ಎಲೆಬುಟ್ಟಿಯಲ್ಲಿ ಬಂದ ಕಾದಂಬರಿಗಳು

ನನ್ನ ತವರು ಶಿಗ್ಗಾಂವಿ. ಅಪ್ಪ ಜೋಳ, ಶೇಂಗಾದ ವ್ಯಾಪಾರ ಮಾಡುತ್ತಿದ್ದ. ಅವನ ಓದು ಅಂಗಡಿಯ ಮಟ್ಟಿಗೆ ಸಾಲುವಷ್ಟೇ ಇತ್ತು. ಆದರೂ ಹುಬ್ಬಳ್ಳಿಯಿಂದ ಬರುವ ಒಂದು ವಾರಪತ್ರಿಕೆಯನ್ನು ತಪ್ಪದೆ ತರಿಸುತ್ತಿದ್ದ. ಅದು ಬಂದ ದಿನ ನಮ್ಮ ಕಟ್ಟೆಯ ಮೇಲೆ ಏಳೆಂಟು ಜನ ಕೂಡುತ್ತಿದ್ದರು. ಅಪ್ಪ ಗಟ್ಟಿಯಾಗಿ ಓದುವನು, ಉಳಿದವರು ನಡುನಡುವೆ ತಮ್ಮ ಮಾತು ಸೇರಿಸುವರು. ಅರಳೆಯ ಧಾರಣೆ, ಎಲ್ಲಿಯೋ ನಡೆದ ಸಭೆ, ಯಾರೋ ಜೇಲಿಗೆ ಹೋದದ್ದು, ಎಲ್ಲ ಮುಗಿದ ಮೇಲೆ ಪತ್ರಿಕೆ ಒಳಮನೆಗೆ ಬರುತ್ತಿತ್ತು. ಅದರ ಕೊನೆಯ ಪುಟದಲ್ಲಿ ಒಂದು ಧಾರಾವಾಹಿ ಕತೆ ಇರುತ್ತಿತ್ತು. ಕಟ್ಟೆಯ ಮೇಲಿನವರಿಗೆ ಅದು ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ.

ನಾನು ಕನ್ನಡ ಐದನೆಯ ಇಯತ್ತೆಯವರೆಗೆ ಕಲಿತಿದ್ದೆ. ಜೋಳದ ಚೀಲಗಳ ಸಂದಿಯಲ್ಲಿ ಕುಳಿತು ಆ ಪುಟವನ್ನು ಮೂರು ಸಲ ಓದುವೆ. ಆಮೇಲೆ ಅವ್ವ ರೊಟ್ಟಿ ಬಡಿಯುವಾಗ ಎದುರಿಗೆ ಕುಳಿತು ಕತೆಯನ್ನು ಹೇಳುವೆ. ಅವ್ವ ಓದಿದವಳಲ್ಲ, ಆದರೆ ಕತೆಯಲ್ಲಿ ಯಾರ ತಪ್ಪು ಎಷ್ಟು ಎಂಬುದನ್ನು ಅವಳು ಅಳೆದಂತೆ ಹೇಳುತ್ತಿದ್ದಳು. ಮುಂದಿನ ವಾರ ಏನಾಗಬಹುದೆಂದು ಇಬ್ಬರೂ ಲೆಕ್ಕ ಹಾಕುತ್ತಿದ್ದೆವು. ಅವಳ ಊಹೆ ಹೆಚ್ಚಾಗಿ ಸರಿಯಾಗುತ್ತಿತ್ತು, ಅದಕ್ಕೆ ನನಗೆ ಸಿಟ್ಟು ಬರುತ್ತಿತ್ತು.

ಹದಿನೈದಕ್ಕೆ ನನ್ನ ಮದುವೆಯಾಯಿತು. ಆಗ ನಡೆದಿದ್ದ ಧಾರಾವಾಹಿಯಲ್ಲಿ ನಾಯಕಿ ಗಂಡನ ಮನೆ ಬಿಟ್ಟು ರೈಲು ಹತ್ತಿದ್ದಳು, ಅವಳ ಪೆಟ್ಟಿಗೆಯಲ್ಲಿ ಒಡೆಯದ ಒಂದು ಪತ್ರ ಇತ್ತು. ಆ ಪತ್ರದಲ್ಲಿ ಏನಿತ್ತೆಂದು ತಿಳಿಯುವ ಮೊದಲೇ ನಾನು ಹಾನಗಲ್ಲಿಗೆ ಬಂದುಬಿಟ್ಟೆ.

ಹಾನಗಲ್ಲಿನ ನಮ್ಮ ಮನೆಯದು ವೀಳ್ಯದೆಲೆಯ ವ್ಯಾಪಾರ. ಮಾವ ಅಂಗಡಿಯಲ್ಲಿ ಕೂಡುತ್ತಿದ್ದರು. ನಮ್ಮ ಮನೆಯವರು ವಾರಕ್ಕೊಮ್ಮೆ ಸವಣೂರಿಗೆ ಹೋಗಿ ತೋಟದವರಿಂದ ಎಲೆ ಹಿಡಿದು ಮೋಟಾರಿನ ಮೇಲೆ ಬುಟ್ಟಿಗಳನ್ನು ಹೇರಿಸಿಕೊಂಡು ಬರುತ್ತಿದ್ದರು. ಬಂದ ಎಲೆಗೆ ನೀರು ಚಿಮುಕಿಸಿ, ಕೊಳೆತದ್ದನ್ನು ಆರಿಸಿ ತೆಗೆದು, ಮತ್ತೆ ಕಟ್ಟು ಕಟ್ಟುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಅದಕ್ಕೆಂದೇ ಹಿತ್ತಲ ಕಡೆಗೆ ಒಂದು ತಂಪು ಕೋಣೆ ಇತ್ತು. ಅತ್ತೆಗೆ ಮಧ್ಯಾಹ್ನ ಮಲಗುವ ರೂಢಿ. ನಾದಿನಿ ಇನ್ನೂ ಚಿಕ್ಕವಳು, ಆಡಲು ಓಡುತ್ತಿದ್ದಳು. ಹಾಗಾಗಿ ಮಧ್ಯಾಹ್ನದ ಆ ಕೋಣೆ ನನ್ನೊಬ್ಬಳದೇ ಆಗಿತ್ತು.

ಮದುವೆಯಾಗಿ ತಿಂಗಳೊಪ್ಪತ್ತು ಕಳೆದಿರಬೇಕು. ಅವರು ಬುಟ್ಟಿ ಇಳಿಸಲು ಕೋಣೆಗೆ ಬಂದಾಗ ನಾನು ಧೈರ್ಯ ಮಾಡಿ ಆ ವಾರಪತ್ರಿಕೆಯ ಹೆಸರು ಹೇಳಿ, ಸವಣೂರಿನಲ್ಲಿ ಎಲ್ಲಿಯಾದರೂ ಸಿಕ್ಕೀತೇ ಎಂದು ಕೇಳಿದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ನೋಡುತ್ತೇನೆ ಎಂದರು. ಮರುವಾರ ಬುಟ್ಟಿಯ ಒದ್ದೆ ಗೋಣಿಯ ಕೆಳಗಿನಿಂದ ಒಣ ಬಾಳೆಲೆಯಲ್ಲಿ ಸುತ್ತಿದ ಒಂದು ಮಾಸಪತ್ರಿಕೆ ತೆಗೆದು ಕೊಟ್ಟರು. ನಾನು ಕೇಳಿದ ಪತ್ರಿಕೆ ಅದಲ್ಲ. ಎಲೆತೋಟದ ಮಗ್ಗುಲಿಗೆ ಹೆಣ್ಣುಮಕ್ಕಳ ಸಾಲೆಯ ಅಕ್ಕೋರೊಬ್ಬರು ಇದ್ದಾರೆ, ಅವರ ಮನೆಯಲ್ಲಿ ಒಂದು ಕಪಾಟು ತುಂಬ ಪುಸ್ತಕ ಇವೆ, ಒಂದೊಂದಾಗಿ ಕೊಡುತ್ತೇನೆ ಎಂದಿದ್ದಾರೆ, ಕಲೆಯಾಗದಂತೆ ಓದಬೇಕು, ಎಂದರು. ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು.

ಮೊದಲು ಮಾಸಪತ್ರಿಕೆಗಳು ಬಂದವು. ಅವುಗಳ ಸಣ್ಣ ಕತೆಗಳನ್ನು, ಹರಟೆಗಳನ್ನು, ಕೊನೆಗೆ ಎಣ್ಣೆ ಮತ್ತು ಔಷಧದ ಜಾಹೀರಾತುಗಳನ್ನೂ ಬಿಡದೆ ಓದಿದೆ. ನಾಲ್ಕೈದು ತಿಂಗಳಾದ ಮೇಲೆ ಮೊದಲ ಕಾದಂಬರಿ ಬಂತು. ವಾರ ವಾರ ಕಾಯದೆ, ಇಡೀ ಕತೆ ಒಟ್ಟಿಗೆ ಕೈಯಲ್ಲಿರುವುದು ನನಗೆ ಹೊಸದು. ಎಷ್ಟು ಓದಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನನ್ನ ಇಷ್ಟ. ಎಲೆ ಆರಿಸುತ್ತ ಓದುವುದನ್ನು ಕಲಿತೆ. ಒದ್ದೆ ಕೈ ಹಾಳೆಗೆ ತಾಗದಂತೆ ಮೊಣಕೈಯಿಂದ ಪುಟ ತಿರುವುತ್ತಿದ್ದೆ. ಆ ಪುಸ್ತಕಗಳಿಗೆಲ್ಲ ಎಲೆಯ ಖಾರವಾದ ವಾಸನೆ ಹತ್ತಿರುತ್ತಿತ್ತು.

ಆ ಕಾದಂಬರಿಯಲ್ಲಿಯೇ ನಾನು ಪೆನ್ಸಿಲ್ಲಿನ ಗೆರೆಗಳನ್ನು ಮೊದಲು ಕಂಡದ್ದು. ಕೆಲವು ಸಾಲುಗಳ ಕೆಳಗೆ ತೆಳ್ಳಗೆ ಗೆರೆ ಎಳೆದಿತ್ತು. ಒಂದು ಕಡೆ, ಸೊಸೆಯೊಬ್ಬಳು ಬಾಗಿಲಲ್ಲಿ ನಿಂತು ಅಳುವ ಜಾಗದಲ್ಲಿ, ಅಂಚಿನಲ್ಲಿ ಎರಡೇ ಮಾತು ಬರೆದಿತ್ತು: ‘ಇವಳು ಅಳಬಾರದಾಗಿತ್ತು.’ ನಮ್ಮ ಮನೆಯವರ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿರುತ್ತಿತ್ತು. ಅವರ ಕೈಬರಹವನ್ನು ನಾನು ಮೋಡಿ ಲಿಪಿಯಲ್ಲಿ ಮಾತ್ರ ನೋಡಿದ್ದೆ, ಅಂಗಡಿಯ ಬರಹವೆಲ್ಲ ಅದರಲ್ಲೇ. ಕನ್ನಡದ ಅಕ್ಷರ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಮೋಟಾರಿನಲ್ಲಿ ಬರುವ ಹಾದಿಗೆ ಅವರೂ ಓದುತ್ತಿರಬೇಕು ಎಂದುಕೊಂಡೆ. ಅವರಿಗೆ ನೀರು ಕೊಡುವಾಗ ಕೇಳಿದೆ.

‘‘ಪುಸ್ತಕದಾಗ ಗೆರಿ ನೀವ ಎಳದ್ರೇನ್ರಿ?’’

ಅವರು ನೀರು ಕುಡಿದು ತಂಬಿಗೆಯನ್ನು ಕೆಳಗಿಟ್ಟರು. ‘‘ಮತ್ಯಾರು ಎಳೀತಾರ?’’ ಎಂದರು. ನಕ್ಕರು ಕೂಡ.

ಅಷ್ಟೇ ಮಾತು. ನಾನು ಅದನ್ನು ನಂಬಿದೆ. ನಂಬಲು ನನಗೆ ಆಸೆಯೂ ಇತ್ತು. ನಮ್ಮ ಮನೆಯಲ್ಲಿ ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ. ಅವರು ಮೊದಲೇ ಮಾತು ಕಡಿಮೆಯವರು. ಬಾಯಿಂದ ಆಡಲಾರದ್ದನ್ನು ನನಗಾಗಿ ಪುಸ್ತಕದ ಅಂಚಿನಲ್ಲಿ ಬರೆಯುತ್ತಾರೆ ಎಂದುಕೊಂಡಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂದು ಆರಿಸಿದ ಎಲೆಗಳಲ್ಲಿ ಕೊಳೆತವು ಹಾಗೇ ಉಳಿದು ಅತ್ತೆಯ ಕೈಲಿ ಬೈಸಿಕೊಂಡೆ. ನಾದಿನಿಯ ಪಾಟಿಚೀಲದಲ್ಲಿದ್ದ ಗೇಣುದ್ದದ ಪೆನ್ಸಿಲ್ಲು ತಂದು, ಅವರ ಬರಹದ ಕೆಳಗೆ ನನ್ನದನ್ನು ಬರೆದೆ: ‘ಅತ್ತರೆ ತಪ್ಪೇನು?’ ಪುಸ್ತಕ ಸವಣೂರಿಗೆ ಹೋಯಿತು. ಮುಂದೆ ಬಂದ ಪುಸ್ತಕದ ಮೊದಲ ಪುಟದ ಅಂಚಿನಲ್ಲಿ ಉತ್ತರ ಇತ್ತು: ‘ಅಳುವುದು ತಪ್ಪಲ್ಲ. ಅಳುತ್ತ ಅಲ್ಲಿಯೇ ನಿಂತುಬಿಡುವುದು ತಪ್ಪು.’

ಹೀಗೆ ಶುರುವಾದದ್ದು ನಾಲ್ಕು ವರ್ಷ ನಡೆಯಿತು. ಯುದ್ಧ ಬಂತು. ಮೋಟಾರುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಾಡಿದವು. ಕಾಗದದ ಅಭಾವದಿಂದ ಮಾಸಪತ್ರಿಕೆಗಳು ಬಡಕಲಾದವು. ಪುಸ್ತಕಗಳು ಮಾತ್ರ ನಿಲ್ಲಲಿಲ್ಲ. ಯಾವ ಪಾತ್ರ ಯಾಕೆ ಹಾಗೆ ಮಾಡಿತು, ಲೇಖಕರು ಎಲ್ಲಿ ಸುಳ್ಳು ಹೇಳಿದರು, ಯಾವ ಕತೆಗೆ ಮದುವೆಯ ಮುಗಿತಾಯ ಬೇಡವಾಗಿತ್ತು ಎಂದು ನಾವು ಅಂಚಿನಲ್ಲಿ ವಾದ ಮಾಡಿದೆವು. ಒಂದು ಕಾದಂಬರಿಯ ನಾಯಕನನ್ನು ಪೆನ್ಸಿಲ್ಲು ಬಹಳ ಹೊಗಳಿತ್ತು. ನಾನು, ಅವನು ತಂಗಿಯನ್ನು ಒಮ್ಮೆಯೂ ಊಟವಾಯಿತೇ ಎಂದು ಕೇಳಿಲ್ಲ, ಹುಡುಕಿ ನೋಡಿರಿ ಎಂದು ಬರೆದೆ. ಮುಂದಿನ ಪುಸ್ತಕದಲ್ಲಿ, ‘ಹುಡುಕಿದೆ. ಕೇಳಿಲ್ಲ. ಸೋತೆ’ ಎಂದಿತ್ತು.

ಉಣ್ಣಲು ಕುಳಿತಾಗ ಅತ್ತೆ ಆಚೆ ಹೋದರೆ ಅವರು ಮೆಲ್ಲಗೆ ಕೇಳುತ್ತಿದ್ದರು, ಈ ಸಲದ ಕತೆಯಲ್ಲಿ ಏನಾಯಿತು, ನಿನಗೆ ಯಾರು ಹಿಡಿಸಿದರು, ಯಾಕೆ ಎಂದು. ಓದಿದವರೇ ಯಾಕೆ ಕೇಳುತ್ತಾರೆಂದು ನನಗೆ ಅನುಮಾನ ಬರಲಿಲ್ಲ. ನನ್ನ ಬಾಯಿಂದ ಕೇಳಬೇಕೆಂಬ ಆಸೆ ಇರಬೇಕು ಎಂದುಕೊಂಡು ಸಾವಕಾಶವಾಗಿ, ಒಂದೂ ಬಿಡದೆ ಹೇಳುತ್ತಿದ್ದೆ.

ಎರಡನೆಯ ವರ್ಷ ನನ್ನ ಚೊಚ್ಚಲ ಕೂಸು ಹುಟ್ಟಿ ಹದಿನೆಂಟು ದಿನಕ್ಕೆ ಹೋಯಿತು. ಮನೆಯಲ್ಲಿ ಯಾರೂ ಅದರ ಮಾತು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಮೂರನೆಯ ವಾರಕ್ಕೆ ಸವಣೂರಿಗೆ ಹೋದರು, ಎಲೆ ತಂದರು, ನಾನು ಆರಿಸಿದೆ. ಕೆಲವು ತಿಂಗಳ ಮೇಲೆ ಬಂದ ಒಂದು ಕಾದಂಬರಿಯಲ್ಲಿ ಕೂಸು ಕಳೆದುಕೊಂಡವಳ ಪ್ರಸಂಗ ಇತ್ತು. ಬರೆದವರು ಅವಳನ್ನು ಎರಡು ಪುಟ ಗೋಳಾಡಿಸಿದ್ದರು. ನಾನು ಅಂಚಿನಲ್ಲಿ ಬರೆದೆ: ‘ಹೀಗಲ್ಲ. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕುವ ದಿನ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.’ ಉತ್ತರಕ್ಕೆ ಎರಡು ವಾರ ಕಾದೆ. ಬಂತು. ‘ಮಾತಾಡದವರೂ ಅಳುತ್ತಿರುತ್ತಾರೆ. ಇದನ್ನು ಓದಿ ನಾನು ಅತ್ತೆ.’

ಆ ಹಾಳೆಯನ್ನು ಎದೆಗೆ ಒತ್ತಿಕೊಂಡು ಎಲೆಯ ಕೋಣೆಯಲ್ಲಿ ಎಷ್ಟು ಹೊತ್ತು ಕುಳಿತೆನೋ. ನನ್ನ ಗಂಡ ನಮ್ಮ ಕೂಸಿಗಾಗಿ ಅತ್ತಿದ್ದಾರೆ ಎಂದು ತಿಳಿದ ದಿನ ಅದು. ಅಂದು ಸಂಜೆ ಅವರ ಮುಖ ನೋಡಿದಾಗ ನನಗೆ ಅವರ ಮೇಲೆ ಹಿಂದೆಂದೂ ಇಲ್ಲದ ಮಮತೆ ಹುಟ್ಟಿತು.

ನಾದಿನಿಯನ್ನು ಹಿರೇಕೆರೂರಿಗೆ ಕೊಟ್ಟರು. ಅವಳು ಬಸುರಿಯಾಗಿ ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯಕ್ಕೆಂದು ಅತ್ತೆ, ನಾನು, ಓಣಿಯ ಇಬ್ಬರು ಹೆಣ್ಣುಮಕ್ಕಳು ಹೋಗಿದ್ದೆವು. ನಡುಮನೆಯಲ್ಲಿ ಕುಬಸ ತೊಡಿಸುವ ಹಾಡು ನಡೆದಿತ್ತು. ನಾನು ಪಡಸಾಲೆಯಲ್ಲಿ ತಟ್ಟೆಗೆ ಎಲೆ ಅಡಿಕೆ ಜೋಡಿಸುತ್ತ ಕುಳಿತಿದ್ದೆ. ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಬಂದು ನನ್ನ ಬಳಿ ಕುಳಿತರು. ಬಿಳಿಯ ಸೀರೆ, ಬರಿಯ ಹಣೆ, ದಾರ ಕಟ್ಟಿದ ಕನ್ನಡಕ. ರಜೆಗೆಂದು ತಮ್ಮನ ಮನೆಗೆ ಬಂದಿದ್ದರಂತೆ. ನಾನು ಎಲೆಯ ತೊಟ್ಟು ಮುರಿಯುವುದನ್ನು ನೋಡಿ, ಸವಣೂರಿನ ಎಲೆ ಅಲ್ಲವೇ, ನಾನು ಅದೇ ಊರಲ್ಲಿ ಸಾಲೆ ಕಲಿಸುತ್ತೇನೆ ಎಂದರು. ಯಾವ ಊರು, ಯಾರ ಮನೆ ಎಂದು ಕೇಳಿದರು. ನಾನು ಹೇಳಿದೆ. ಅವರ ಮುಖ ಅರಳಿತು.

‘‘ಅವರ ಮನಿಯಾಕಿ ನೀನಾ? ಪುಣ್ಯಾ ಮಾಡಿ ತಂಗಿ. ನಾ ಮೂವತ್ತು ವರ್ಷ ಸಾಲಿ ಕಲಿಸೇನಿ. ಅವರಂಗ ಓದೂ ಗಂಡಸರನ್ನ ಕಂಡಿಲ್ಲ.’’

ನನಗೆ ಮೊದಲು ಹೆಮ್ಮೆಯಾಯಿತು. ಇವರೇ ಆ ಕಪಾಟಿನ ಅಕ್ಕೋರು ಎಂದು ತಿಳಿದು ಕಾಲಿಗೆ ಬೀಳಬೇಕೆಂದುಕೊಂಡೆ. ಅವರು ಹೇಳುತ್ತಲೇ ಹೋದರು. ತಾವು ಒಂದು ಗೆರೆ ಎಳೆದು ಕಳಿಸಿದರೆ ನಮ್ಮ ಮನೆಯವರು ಅದಕ್ಕೆ ಉತ್ತರ ಬರೆದು ಕಳಿಸುತ್ತಾರಂತೆ. ಎಲೆ ಹಿಡಿಯಲು ಬಂದಾಗ ಅರ್ಧ ತಾಸು ಕುಳಿತು ಆ ಕತೆಯ ಬಗ್ಗೆ ಮಾತಾಡಿ ಹೋಗುತ್ತಾರಂತೆ. ತಮ್ಮನ್ನು ವಾದದಲ್ಲಿ ಸೋಲಿಸಿದ್ದಾರಂತೆ. ನಾಯಕ ತಂಗಿಯನ್ನು ಊಟಕ್ಕೆ ಕೇಳದ ಮಾತನ್ನು ನೆನೆದು ಅಕ್ಕೋರು ನಕ್ಕರು.

ನಾನು ತಟ್ಟೆಯ ಎಲೆಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದೆ.

‘‘ಗಂಡಸಾಗಿ ಆ ತೊಟ್ಟಲದ ಮಾತು ಹೆಂಗ ಬರದ್ರೋ,’’ ಎಂದರು ಅಕ್ಕೋರು. ‘‘ಅವತ್ತ ನಾ ಉಂಡಿಲ್ಲ. ನೀನೂ ಓದ್ತೀಯೇನು? ನಾ ಒಮ್ಮೆ ಅವರಿಗೆ ಕೇಳಿದ್ದೆ, ಮನ್ಯಾಗ ಮತ್ಯಾರರ ಓದ್ತಾರೇನ್ರಿ ಅಂತ. ‘ಇಲ್ರಿ, ನಮ್ಮಾಕಿಗೆ ಎಲಿ ಆರಿಸೂದರಾಗ ಹೊತ್ತು ಹೋಗ್ತೈತಿ, ಅಕ್ಷರದ ಗೋಜಿಗೆ ಹೋಗೂದಿಲ್ಲ’ ಅಂದ್ರು.’’

ಒಳಗಿನಿಂದ ಅತ್ತೆ ತಟ್ಟೆ ತಾ ಎಂದು ಕರೆದರು. ನಾನು ಎದ್ದು ಹೋದೆ. ಅಲ್ಲಿಯೇ ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮಗಳನ್ನು ಕೊಟ್ಟ ಮನೆಯಲ್ಲಿ, ತುಂಬಿದ ಹೆಂಗಸರ ನಡುವೆ, ನನ್ನ ಗಂಡ ಸುಳ್ಳುಗಾರ ಎಂದು ಹೇಳುವ ಬಾಯಿ ನನಗೆ ಬರಲಿಲ್ಲ. ಅವರ ಮರ್ಯಾದೆಯನ್ನು ನಾನೇ ಕಾಯ್ದೆನಲ್ಲ ಎಂದು ಹಿಂದಿರುಗುವ ಹಾದಿಯುದ್ದಕ್ಕೂ ಒಳಗೇ ಕುದಿಯುತ್ತಿದ್ದೆ. ಅತ್ತೆ ಮೋಟಾರಿನ ಕುಲುಕಾಟಕ್ಕೆ ನನಗೆ ತಲೆ ಸುತ್ತುತ್ತಿದೆ ಎಂದುಕೊಂಡು ಲಿಂಬೆಹಣ್ಣು ಮೂಸಲು ಕೊಟ್ಟರು.

ಮರುದಿನ ಎಲೆಯ ಕೋಣೆಗೆ ನಮ್ಮ ಮನೆಯವರು ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ಅಕ್ಕೋರು ಸಿಕ್ಕಿದ್ದರು ಎಂದೆ. ಅವರು ಬುಟ್ಟಿಯನ್ನು ಇಳಿಸಿ ಅದರ ಅಂಚು ಹಿಡಿದು ನಿಂತರು. ಸುಳ್ಳು ಹೇಳಲು ನೋಡಲಿಲ್ಲ, ಅದೊಂದನ್ನು ಒಪ್ಪಬೇಕು.

ಮೊದಲ ಸಲ ಹೆಂಡತಿಗೆ ಪುಸ್ತಕ ಬೇಕೆಂದು ಕೇಳಲು ನಾಚಿಕೆಯಾಯಿತಂತೆ. ತೋಟದವರು ಅಲ್ಲಿಯೇ ನಿಂತಿದ್ದರಂತೆ. ಅದಕ್ಕೆ ತನಗೆ ಬೇಕು ಎಂದರಂತೆ. ಆಮೇಲೆ ಅಂಚಿನ ಬರಹ ನೋಡಿ ಅಕ್ಕೋರು ಕೇಳಿದಾಗ ಹೌದು ಎಂದುಬಿಟ್ಟರಂತೆ. ಅದೇ ವಾರ ನಾನೂ ಕೇಳಿದ್ದೆ, ನನಗೂ ಹೌದು ಎಂದಿದ್ದರು. ಒಂದು ಸಲ ಅಂದ ಮೇಲೆ ಬಿಡಿಸಿಕೊಳ್ಳಲು ಆಗಲಿಲ್ಲ ಎಂದರು. ಉಣ್ಣುವಾಗ ನನ್ನಿಂದ ಕೇಳಿಕೊಂಡದ್ದನ್ನೇ ಅಲ್ಲಿ ತಮ್ಮ ಮಾತೆಂದು ಆಡುತ್ತಿದ್ದರು. ಅವರು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವರು. ಕನ್ನಡ ಪುಸ್ತಕದ ಒಂದು ಪುಟ ಓದಲು ಅವರಿಗೆ ಅರ್ಧ ತಾಸು ಬೇಕಾಗುತ್ತಿತ್ತು. ಅದೂ ನನಗೆ ಅಂದೇ ತಿಳಿದದ್ದು.

‘‘ಅಲ್ಲೆ ನಂಗ ಕುರ್ಚಿ ಹಾಕ್ತಿದ್ರು,’’ ಎಂದರು. ‘‘ಚಾ ಕೊಡ್ತಿದ್ರು. ಎಲಿ ವ್ಯಾಪಾರದವಂಗ ಯಾರು ಕುರ್ಚಿ ಹಾಕ್ತಾರ?’’

ಅವರ ದನಿಯಲ್ಲಿ ನಿಜವಿತ್ತು. ನನಗೆ ಕನಿಕರ ಹುಟ್ಟುತ್ತಿತ್ತೋ ಏನೋ, ಆದರೆ ಕೇಳಬೇಕಾದದ್ದು ಒಂದು ಉಳಿದಿತ್ತು.

‘‘ತೊಟ್ಟಲದ ಮಾತು ಬರದಿದ್ದೆ. ಅದನ್ನರ ಓದಿದ್ರೇನು?’’

‘‘ಯಾವ ತೊಟ್ಟಲ?’’

ಎರಡು ವರ್ಷ ನಾನು ಒರಗಿಕೊಂಡು ಕುಳಿತಿದ್ದ ಗೋಡೆ ಅಲ್ಲಿ ಇರಲೇ ಇಲ್ಲ. ನಮ್ಮ ಕೂಸಿಗಾಗಿ ಅತ್ತದ್ದು ಯಾರೋ ಪರವೂರಿನ ಹೆಂಗಸು, ಅದೂ ಆ ದುಃಖ ಇವರದೆಂದು ತಿಳಿದು.

ಬಾಗಿಲು ದಾಟುವಾಗ ಅವರು ತಿರುಗಿ ನಿಂತು, ಅಕ್ಕೋರಿಗೆ ಹೇಳಬೇಡ ಎಂದು ಕೇಳಿಕೊಂಡರು. ಹೇಗೂ ಪುಸ್ತಕ ಬರುತ್ತಲೇ ಇರುತ್ತವೆ, ನೀನು ಬರೆಯುವುದನ್ನು ಬರೆಯುತ್ತ ಹೋಗು, ಅದರಿಂದ ನಿನಗೇನು ಕಡಿಮೆಯಾಯಿತು ಎಂದರು. ಆ ಕೊನೆಯ ಮಾತನ್ನು ಅವರು ಕೆಟ್ಟದ್ದಕ್ಕೆ ಆಡಲಿಲ್ಲ. ನಿಜವಾಗಿಯೂ ಅವರಿಗೆ ತಿಳಿದಿರಲಿಲ್ಲ.

ನಾನು ಓದುವುದನ್ನು ಬಿಡಲಿಲ್ಲ, ಬರೆಯುವುದನ್ನು ಬಿಟ್ಟೆ. ಊಟದ ಹೊತ್ತಿನಲ್ಲಿ ಕತೆ ಹೇಳುವುದನ್ನೂ ಬಿಟ್ಟೆ. ಪುಸ್ತಕಗಳು ಖಾಲಿ ಅಂಚಿನೊಂದಿಗೆ ಸವಣೂರಿಗೆ ಹೋದವು. ನಾಲ್ಕನೆಯ ಪುಸ್ತಕಕ್ಕೆ ಅಕ್ಕೋರ ಬರಹ ಬಂತು: ‘ಈಚೆಗೆ ಮೌನವೇಕೆ? ನನ್ನಿಂದ ತಪ್ಪಾಯಿತೇ?’ ಅದನ್ನು ಓದಿ ಪೆನ್ಸಿಲ್ಲು ಕೈಗೆ ತೆಗೆದುಕೊಂಡೆ, ಮತ್ತೆ ಇಟ್ಟೆ. ಒಂದು ವಾರ ಹಿಂದಿರುಗಿಸಲೆಂದು ಬುಟ್ಟಿಯಲ್ಲಿಟ್ಟ ಪುಸ್ತಕವನ್ನು ಯಾಕೋ ತೆರೆದು ನೋಡಿದರೆ ನಡುವಿನ ಪುಟದಲ್ಲಿ ದಪ್ಪನೆಯ ಗೆರೆಯೊಂದು ಎಳೆದಿತ್ತು. ಅಂಗಡಿಯ ಪೆನ್ಸಿಲ್ಲಿನದು. ಗೆರೆಯ ಮೇಲಿನ ಸಾಲು, ಅಂದು ಬಹಳ ಸೆಕೆಯಿತ್ತು ಎಂದಿತ್ತು. ನಾನು ಬರೆಯದಿದ್ದರೆ ತಾವೇ ಏನಾದರೂ ಮಾಡಿ ಕುರ್ಚಿ ಉಳಿಸಿಕೊಳ್ಳಲು ನೋಡಿದ್ದರು. ಬೇರೆಯವರ ಕತೆಯಾಗಿದ್ದರೆ ನಕ್ಕುಬಿಡುತ್ತಿದ್ದೆ.

ಅಷ್ಟರಲ್ಲಿ ಅಕ್ಕೋರು ಕೆಲಸದಿಂದ ನಿವೃತ್ತರಾಗಿ ಸವಣೂರು ಬಿಟ್ಟು ಹಿರೇಕೆರೂರಿನ ತಮ್ಮನ ಮನೆಗೆ ಹೋದರು. ಅವರ ಒಂದು ಪುಸ್ತಕ ನಮ್ಮಲ್ಲಿ ಉಳಿಯಿತು. ನಮ್ಮ ಮನೆಯವರು ಅದನ್ನು ಮುಟ್ಟಿಸುವ ಮಾತೆತ್ತಲಿಲ್ಲ.

ನಾದಿನಿ ನಮ್ಮಲ್ಲಿಗೆ ಬಂದು ಹಡೆದಿದ್ದಳು. ಐದು ತಿಂಗಳಿಗೆ ಬಾಣಂತಿ ಕೂಸನ್ನು ಗಂಡನ ಮನೆಗೆ ಮುಟ್ಟಿಸಲು ಅತ್ತೆ ನನ್ನನ್ನು ಜೊತೆಗೆ ಕಳಿಸಿದರು. ನಾನು ಆ ಪುಸ್ತಕವನ್ನು ಕೂಸಿನ ಬಟ್ಟೆಯ ಗಂಟಿನಲ್ಲಿ ಸೇರಿಸಿಕೊಂಡೆ. ಈ ಸಲ ಹೇಳಲೇಬೇಕೆಂದು ನಿರ್ಧಾರ ಮಾಡಿದ್ದೆ. ನನ್ನ ಮನಸ್ಸಿನಲ್ಲಿ ಒಂದು ಆಸೆಯೂ ಇತ್ತು, ಮುಚ್ಚಿಟ್ಟರೇನು ಬಂತು. ನಿಜ ತಿಳಿದರೆ ಅಕ್ಕೋರು ನನ್ನ ಕೈ ಹಿಡಿದುಕೊಳ್ಳುತ್ತಾರೆ, ಇಷ್ಟು ದಿನ ನೀನೇ ಇದ್ದೆಯಾ ಎನ್ನುತ್ತಾರೆ, ಇನ್ನು ಮುಂದೆ ಅಂಚೆಯಲ್ಲಿ ನೇರವಾಗಿ ಪುಸ್ತಕ ಕಳಿಸುತ್ತಾರೆ ಎಂದೆಲ್ಲ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಪಕ್ಕದ ಮನೆಗೆ ಹೋದೆ. ಅಕ್ಕೋರು ಪಡಸಾಲೆಯಲ್ಲಿ ತಮ್ಮನ ಮಕ್ಕಳ ಪಾಟಿಗಳನ್ನು ಒರೆಸಿ ಒಣಗಿಸುತ್ತಿದ್ದರು. ಅವರ ಕಪಾಟು ಹಾಯ್ದು ಹೋಗುವ ಹಾದಿಯಲ್ಲಿ ಗೋಡೆಗೆ ಒತ್ತಿ ನಿಂತಿತ್ತು. ಅದರಲ್ಲಿ ಹಿಡಿಯದ ಪುಸ್ತಕಗಳು ಎರಡು ಗೋಣಿಚೀಲದಲ್ಲಿದ್ದವು. ನನ್ನನ್ನು ಗುರುತು ಹಿಡಿದು, ಬಾ ತಂಗಿ ಎಂದು ಚಾಪೆ ಹಾಸಿದರು. ನಾನು ಪುಸ್ತಕ ಮುಂದಿಟ್ಟೆ. ನಿನ್ನ ಮನೆಯವರು ಬರಲಿಲ್ಲವೇ, ಆರಾಮಿದ್ದಾರೆಯೇ ಎಂದು ಕೇಳಿದರು.

‘‘ಅಕ್ಕೋರ, ಬರದಾಕಿ ನಾನ್ರಿ,’’ ಎಂದೆ. ‘‘ನಮ್ಮ ಮನಿಯವ್ರು ಒಂದೂ ಓದಿಲ್ರಿ. ಎಲ್ಲಾ ನಾನ ಓದೇನಿ.’’

ಅವರು ಕನ್ನಡಕದೊಳಗಿಂದ ನನ್ನನ್ನು ನೋಡಿದರು. ಒಂದು ಪಾಟಿಯನ್ನೂ ಕಡ್ಡಿಯನ್ನೂ ನನ್ನ ಕಡೆಗೆ ಸರಿಸಿದರು. ಸಾಲೆಯ ಮಗುವಿಗೆ ಕೊಟ್ಟಂತೆ. ಏನು ಬರೆಯಬೇಕೆಂದು ಹೇಳಲಿಲ್ಲ. ನಾನು ತೊಟ್ಟಿಲಿನ ಆ ಸಾಲನ್ನು ಬರೆದೆ. ನನ್ನ ‘ಲು’ ಅಕ್ಷರದ ಬಾಲ ಕೆಳಗಿಳಿದು ಸುತ್ತಿಕೊಳ್ಳುತ್ತದೆ, ಬೇರೆ ಯಾರೂ ಹಾಗೆ ಬರೆಯುವುದಿಲ್ಲ. ಅಕ್ಕೋರು ಆ ಅಕ್ಷರದ ಮೇಲೆ ಬೆರಳಿಟ್ಟರು.

‘‘ಹಂಗಾರ ನಾ ಯಾರ ಕೂಡ ಮಾತಾಡಾಕತ್ತಿದ್ದೆ?’’ ಎಂದರು.

‘‘ನನ್ನ ಕೂಡರಿ.’’

ಅವರು ತಲೆ ಅಲ್ಲಾಡಿಸಿದರು. ಹದಿಮೂರಕ್ಕೆ ಗಂಡನನ್ನು ಕಳೆದುಕೊಂಡು ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿ ಸಾಲೆ ಸೇರಿದವರು ಅವರು. ಆ ಕಾಲದಲ್ಲಿ ಮನೆಯ ಗಂಡಸರು ಅವರಿಗೆ ಏನೇನು ಅಂದಿದ್ದರು ಎಂಬುದನ್ನು ಅಂದು ನನಗೆ ಸ್ವಲ್ಪ ಹೇಳಿದರು. ಒಬ್ಬನಾದರೂ ಗಂಡಸು ಹೆಣ್ಣಿನ ಸಂಕಟವನ್ನು ಓದಿ ಅರಿತುಕೊಂಡ, ಅದನ್ನು ತನ್ನ ಕೈಯಿಂದ ಬರೆದ ಎಂಬ ಸಮಾಧಾನದಲ್ಲಿ ನಾಲ್ಕು ವರ್ಷ ಕಳೆದೆ ಎಂದರು. ಆಮೇಲೆ ಒಂದು ಮಾತು ಹೇಳಿದರು. ಅಲ್ಲಿಯವರೆಗೆ ನನ್ನನ್ನು ನೀನು ಎನ್ನುತ್ತಿದ್ದವರು ಆ ಮಾತಿಗೆ ನೀವು ಎಂದರು.

‘‘ಹೆಣ್ಮಕ್ಕಳ ಕೂಡ ಮಾತಾಡಾಕ ನನಗ ಸಾಲಿ ಇತ್ತು. ನೀವು ಹೇಳದಿದ್ರ ಛಲೋ ಇತ್ತು.’’

ಹಸಿ ಬಟ್ಟೆಯಿಂದ ಪಾಟಿಯನ್ನು ಒರೆಸಿ ಉಳಿದವುಗಳ ಸಾಲಿಗೆ ಇಟ್ಟರು. ತಮ್ಮನ ಹೆಂಡತಿಯನ್ನು ಕರೆದು, ಇವರಿಗೆ ಕುಂಕುಮ ಹಚ್ಚಿ ಕಳಿಸು ಎಂದರು. ನಾನು ಕುಂಕುಮ ಹಚ್ಚಿಸಿಕೊಂಡು, ಮಜ್ಜಿಗೆ ಕುಡಿದು ಹೊರಗೆ ಬಂದೆ. ಹಾಯುವ ಹಾದಿಯಲ್ಲಿ ಗೋಣಿಯ ಬಾಯಿಂದ ಕಾಣುತ್ತಿದ್ದ ಪುಸ್ತಕಗಳ ಬೆನ್ನುಗಳಲ್ಲಿ ನಾನು ಓದಿದವು ಎಷ್ಟೋ ಇದ್ದವು. ಓದದವೂ ಇದ್ದವು.

ಗಂಡ ಮೋಸ ಮಾಡಿದ್ದನ್ನು ನಾನು ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲು ಆಗಲಿಲ್ಲ. ಅದೇ ಮಾತು, ಅದೇ ಅಕ್ಷರ. ಎಲೆ ವ್ಯಾಪಾರದ ಗಂಡಸು ಬರೆದಾಗ ಅವರು ಉಣ್ಣದೆ ಕುಳಿತಿದ್ದರು. ಕೂಸು ಹಡೆದು ಕಳೆದುಕೊಂಡವಳೇ ಎದುರಿಗೆ ಕುಳಿತು ಬರೆದಾಗ ಒರೆಸಿ ಇಟ್ಟರು. ಅವರಿಗೂ ಮೋಸವಾಗಿದೆ ಎಂದು ನನ್ನ ಬುದ್ಧಿ ಹೇಳುತ್ತಿತ್ತು. ಅವರ ವಯಸ್ಸಿಗೆ ಬಂದ ಮೇಲೆ ಅದು ಇನ್ನಷ್ಟು ಸ್ಪಷ್ಟವಾಗಿದೆ. ಆದರೆ ಅಂದು ಹಾನಗಲ್ಲಿನ ಮೋಟಾರಿನಲ್ಲಿ ಕುಳಿತಾಗ, ಆ ಇಬ್ಬರೂ ಕೂಡಿ ನನ್ನನ್ನು ನಡುವಿನಿಂದ ತೆಗೆದುಹಾಕಿದರು ಎಂದೇ ಅನಿಸಿತು.

ಮನೆಗೆ ಬಂದ ಮೇಲೆ, ಹೇಳಿ ಬಂದೆ ಎಂದು ನಮ್ಮ ಮನೆಯವರಿಗೆ ತಿಳಿಸಿದೆ. ಅಕ್ಕೋರು ಏನಂದರು ಎಂದು ಅವರು ಕೇಳಿದರು. ನೀವು ಆರಾಮಿದ್ದೀರೇನೆಂದು ಕೇಳಿದರು ಎಂದೆ. ಅವರು ಮುಖ ತಿರುಗಿಸಿ ಬುಟ್ಟಿಯ ಹಗ್ಗ ಬಿಚ್ಚತೊಡಗಿದರು. ಆಮೇಲೆ ನಲವತ್ತು ವರ್ಷ ಒಟ್ಟಿಗೆ ಬಾಳಿದೆವು. ಎರಡು ಮಕ್ಕಳಾದವು. ವ್ಯಾಪಾರದಲ್ಲಿ ಅವರು ಒಂದು ಎಲೆಯನ್ನೂ ಕಡಿಮೆ ಕೊಟ್ಟವರಲ್ಲ, ಊರಿನಲ್ಲಿ ಒಳ್ಳೆಯ ಹೆಸರಿತ್ತು. ನಾನೂ ಅವರ ಬಗ್ಗೆ ಹೊರಗೆ ಒಂದು ಮಾತು ಆಡಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಮನಸ್ಸು ಮೆತ್ತಗಾಗಲೇ ಇಲ್ಲ.

ಯುದ್ಧ ಮುಗಿದು ಕಾಗದ ಮತ್ತೆ ಸಿಗತೊಡಗಿದಾಗ ನಾನೇ ಒಂದು ಕಾರ್ಡು ಬರೆದು, ಒಂದು ಮಾಸಪತ್ರಿಕೆಯ ಕಚೇರಿಗೆ ನನ್ನ ಹೆಸರಿನಲ್ಲಿ ವರ್ಷದ ವರ್ಗಣಿಯ ಹಣ ಕಳಿಸಿದೆ. ಅಂಚೆಯವನು ಅದನ್ನು ಅಂಗಡಿಯಲ್ಲಿಯೇ ಕೊಟ್ಟು ಹೋಗುತ್ತಿದ್ದ. ಮೊದಲ ಸಂಚಿಕೆಯ ಸುತ್ತುಗಾಗದದ ಮೇಲೆ ನನ್ನ ಹೆಸರಿನ ಮೊದಲು ಶ್ರೀಯುತ ಎಂದು ಬರೆದಿತ್ತು. ಚಂದಾದಾರ ಎಂದರೆ ಗಂಡಸೇ ಇರಬೇಕೆಂದು ಅವರು ತಿಳಿದಿದ್ದರು. ಎರಡನೆಯದರ ಮೇಲೂ ಹಾಗೆಯೇ ಇತ್ತು. ನಾನು ಇನ್ನೊಂದು ಕಾರ್ಡು ಬರೆದೆ. ಮೂರನೆಯ ತಿಂಗಳು ಶ್ರೀಮತಿ ಎಂದು ಬಂತು. ನಮ್ಮ ಮನೆಯವರು ಅದನ್ನು ಒಡೆಯದೆ ಮನೆಗೆ ತಂದು, ಆ ಹೆಸರನ್ನು ನಿಧಾನವಾಗಿ ಅಕ್ಷರ ಕೂಡಿಸಿ ಓದಿದರು. ನನ್ನ ಕೈಗೆ ಕೊಟ್ಟು, ರುಮಾಲು ಸುತ್ತಿಕೊಂಡು, ಸವಣೂರಿನ ಮೋಟಾರಿಗೆ ಹೊತ್ತಾಯಿತೆಂದು ಹೊರಟುಹೋದರು.